ಕ್ರಿಸ್ಮಸ್ ಮುಗಿದ ಮೇಲೆ: ಚರ್ಚಿನ ಸೇವಾಕರ್ತರಿಗೂ ಸಿಬ್ಬಂದಿಗೂ ಕೃತಜ್ಞತೆ ಸಲ್ಲಿಸುವ ಬಗೆ

ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯ ಹುಲ್ಲು ತೆಗೆದು, ನಕ್ಷತ್ರಗಳನ್ನು ಇಳಿಸಿ, ಬಾಡಿಗೆಗೆ ತಂದ ಕುರ್ಚಿಗಳನ್ನು ಲೆಕ್ಕ ಹಾಕಿ ಹಿಂದಿರುಗಿಸುವ ಹೊತ್ತಿಗೆ ಕೊಡಗಿನ ಬೇರೆ ಬೇರೆ ಚರ್ಚುಗಳ ಸಮಿತಿಗಳವರು ನನ್ನನ್ನು ಕೇಳುವ ಪ್ರಶ್ನೆಗಳು ಪ್ರತಿ ವರ್ಷವೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಹಬ್ಬಕ್ಕಾಗಿ ದುಡಿದವರಿಗೆ ಯಾವಾಗ ಧನ್ಯವಾದ ಹೇಳಬೇಕು, ಉಡುಗೊರೆ ಕೊಡಬೇಕೇ, ಕೊಟ್ಟರೆ ಎಲ್ಲರಿಗೂ ಒಂದೇ ಬಗೆಯದನ್ನು ಕೊಡಬೇಕೇ, ಸಂಬಳ ಪಡೆಯುವವರಿಗೂ ಬೇರೆಯಾಗಿ ಕೃತಜ್ಞತೆ ಹೇಳಬೇಕೇ, ಯಾರದಾದರೂ ಹೆಸರು ಬಿಟ್ಟುಹೋದರೆ ಏನು ಮಾಡಬೇಕು ಎಂಬ ಈ ಪ್ರಶ್ನೆಗಳಿಗೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು, ಹಲವು ವರ್ಷ ಸಮಿತಿಯ ಕೆಲಸ ಮಾಡಿ ನಾನು ಕಲಿತದ್ದನ್ನೆಲ್ಲ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ನಮ್ಮ ಜಿಲ್ಲೆಯ ವಿಶೇಷವೊಂದನ್ನು ನೆನಪಿನಲ್ಲಿಡಬೇಕು. ಆಗಮನ ಕಾಲ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಸಿದ್ಧತೆಯ ಅವಧಿ, ಇಲ್ಲಿ ಅರೇಬಿಕಾ ಕಾಫಿ ಕೊಯ್ಲಿನ ದಿನಗಳಲ್ಲಿಯೇ ಬರುತ್ತದೆ. ಹಬ್ಬ ಮುಗಿಯುವಷ್ಟರಲ್ಲಿ ರೋಬಸ್ಟಾ ಕೊಯ್ಲು ಶುರುವಾಗಿರುತ್ತದೆ. ಹಗಲೆಲ್ಲ ಹಣ್ಣು ಕೊಯ್ದು, ಸಂಜೆ ಚೀಲ ತೂಗಿಸಿ, ಚಳಿಯಲ್ಲಿ ಮೈಲುಗಟ್ಟಲೆ ನಡೆದು ಹಾಡಿನ ಅಭ್ಯಾಸಕ್ಕೆ ಬಂದವರೇ ನಮ್ಮ ಗಾಯನ ವೃಂದಗಳಲ್ಲಿ ಹೆಚ್ಚಿನವರು. ವರ್ಷದ ಅತ್ಯಂತ ಕಷ್ಟದ ದುಡಿಮೆಯ ದಿನಗಳಲ್ಲಿ ಅವರು ಚರ್ಚಿಗೆ ಕೊಟ್ಟ ಸಮಯಕ್ಕೆ ‘ಸಹಕರಿಸಿದ ಎಲ್ಲರಿಗೂ ಧನ್ಯವಾದಗಳು’ ಎಂಬ ಒಂದು ಸಾಲು ಸಾಕಾಗುವುದಿಲ್ಲ. ಯಾರು ಏನು ಮಾಡಿದರು ಎಂಬುದನ್ನು ನಾವು ನೋಡಿದ್ದೇವೆ ಎಂದು ಅವರಿಗೆ ತಿಳಿಯಬೇಕು. ಮುಂದೆ ಹೇಳುವ ಹಂತಗಳೆಲ್ಲ ಇದಕ್ಕಾಗಿಯೇ ಇವೆ.

ಬೇಕಾಗುವ ವಸ್ತುಗಳು ಬಹಳವಿಲ್ಲ. ಒಂದು ನೋಟ್‌ಬುಕ್, ಬರೆಯಲು ಒಳ್ಳೆಯ ಕಾಗದ ಮತ್ತು ಲಕೋಟೆಗಳು, ಸಮಿತಿಯ ಒಪ್ಪಿಗೆ ಪಡೆದ ಸಣ್ಣ ಮೊತ್ತ, ಈ ಕೆಲಸದ ಹೊಣೆಯನ್ನು ಹೊತ್ತುಕೊಳ್ಳುವ ಇಬ್ಬರು ಅಥವಾ ಮೂವರು ಇದ್ದರೆ ಸಾಕು. ಮೂವರಲ್ಲಿ ಒಬ್ಬರಾದರೂ ಮಹಿಳೆಯಾಗಿರಲಿ, ಒಬ್ಬರು ಯುವಜನರಾಗಿರಲಿ. ಗಂಡಸರೇ ಕುಳಿತು ಮಾಡಿದ ಪಟ್ಟಿಯಲ್ಲಿ ಅಡುಗೆಮನೆಯ ಹೆಸರುಗಳೂ ಹಿರಿಯರೇ ಮಾಡಿದ ಪಟ್ಟಿಯಲ್ಲಿ ಹುಡುಗರ ಹೆಸರುಗಳೂ ಬಿಟ್ಟುಹೋಗುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಹಂತ 1: ಪಟ್ಟಿ ತಯಾರಿಸುವುದು

ಇಡೀ ಕೆಲಸದಲ್ಲಿ ಮುಕ್ಕಾಲು ಪಾಲು ಶ್ರಮ ಇದಕ್ಕೇ ಹೋಗಬೇಕು. ಡಿಸೆಂಬರ್ 26ರಿಂದ ಜನವರಿ ಮೊದಲ ವಾರದೊಳಗೆ, ನೆನಪು ಹಸಿಯಾಗಿರುವಾಗಲೇ ಪಟ್ಟಿ ಬರೆಯಿರಿ. ಸಂಘಗಳ ಹೆಸರಿನಿಂದ ಆರಂಭಿಸಬೇಡಿ. ‘ಯುವಜನ ಸಂಘ, ಮಾತೆಯರ ಸಂಘ, ಗಾಯನ ವೃಂದ’ ಎಂದು ಬರೆದರೆ ಸಂಘದ ಪದಾಧಿಕಾರಿಗಳ ಮುಖಗಳು ಮಾತ್ರ ನೆನಪಿಗೆ ಬರುತ್ತವೆ. ಅದರ ಬದಲು ಕೆಲಸಗಳಿಂದ ಆರಂಭಿಸಿ. ಡಿಸೆಂಬರ್ 24ರ ಬೆಳಗ್ಗೆಯಿಂದ ಮರುದಿನ ಮಧ್ಯಾಹ್ನದವರೆಗೆ ಚರ್ಚಿನ ಆವರಣದಲ್ಲಿ ಗಂಟೆ ಗಂಟೆಗೂ ಏನೇನು ನಡೆಯಿತು ಎಂಬುದನ್ನು ಮನಸ್ಸಿನಲ್ಲಿಯೇ ಒಮ್ಮೆ ನಡೆದು ನೋಡಿ, ಪ್ರತಿ ಕೆಲಸದ ಮುಂದೆ ಅದನ್ನು ಮಾಡಿದ ಕೈ ಯಾರದು ಎಂದು ಬರೆಯುತ್ತ ಹೋಗಿ.

ಗೋದಲಿಗೆ ಬಿದಿರು ಕಡಿದವರು ಯಾರು, ಗದ್ದೆಯಿಂದ ಹುಲ್ಲು ಹೊತ್ತು ತಂದವರು ಯಾರು, ಪಾಚಿ ಆರಿಸಿ ತಂದ ಮಕ್ಕಳು ಯಾರು? ನಕ್ಷತ್ರ ಕಟ್ಟಲು ಗೋಪುರ ಹತ್ತಿದವರು ಯಾರು, ಕೆಳಗೆ ಏಣಿ ಹಿಡಿದು ನಿಂತವರು ಯಾರು? ಬಲಿಪೀಠದ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿದವರು, ಹೂ ಜೋಡಿಸಿದವರು, ವಾಚನಗಳನ್ನು ಓದಿದವರು, ಕಾಣಿಕೆ ಎಣಿಸಿದವರು, ನಡುರಾತ್ರಿಯ ಪೂಜೆಯಾದ ಮೇಲೆ ಎಲ್ಲರೂ ಕೇಕು ತಿನ್ನುತ್ತಿದ್ದಾಗ ವಾಹನಗಳು ರಸ್ತೆಗೆ ಇಳಿಯಲು ದಾರಿ ಮಾಡಿಕೊಟ್ಟವರು, ಮರುದಿನ ಬೆಳಗಿನ ಪೂಜೆಗೆ ಮುಂಚೆ ನೆಲದ ಮೇಲಿನ ಮೇಣವನ್ನು ಕೆರೆದು ತೆಗೆದವರು, ಶೌಚಾಲಯ ತೊಳೆದವರು, ಮನೆ ಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹಾಡುವ ಕ್ಯಾರಲ್ಸ್ ತಂಡವನ್ನು ತೋಟದಿಂದ ತೋಟಕ್ಕೆ ಜೀಪಿನಲ್ಲಿ ಕರೆದೊಯ್ದವರು, ಹಾಸಿಗೆ ಹಿಡಿದ ಹಿರಿಯರ ಮನೆಗೆ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿಯನ್ನು ಕೊಂಡೊಯ್ದವರು, ಹೀಗೆ ಪಟ್ಟಿ ಬೆಳೆಯುತ್ತದೆ. ಹದಿನೈದು ಹೆಸರು ಬರಬಹುದೆಂದು ಕುಳಿತವರು ಅರುವತ್ತು ಹೆಸರು ಬರೆದು ಏಳುವುದು ಸಾಮಾನ್ಯ.

ಮನೆಯವರನ್ನೂ ಮರೆಯಬೇಡಿ. ಹತ್ತು ವರ್ಷದ ಬಲಿಪೀಠ ಸೇವಕನನ್ನು ಮಂಜಿನಲ್ಲಿ ಬೈಕಿನ ಮೇಲೆ ಕೂರಿಸಿಕೊಂಡು ಬಂದು, ಪೂಜೆ ಮುಗಿಯುವವರೆಗೆ ಕಾದು, ಮತ್ತೆ ಕರೆದುಕೊಂಡು ಹೋದ ತಂದೆಯದೂ ಸೇವೆಯೇ.

ಒಬ್ಬರೇ ಕುಳಿತು ಈ ಪಟ್ಟಿಯನ್ನು ಮುಗಿಸಬಾರದು ಎಂಬುದು ನನ್ನ ಮೊದಲ ಎಚ್ಚರಿಕೆ. ಒಂದು ವರ್ಷ ನಾನೇ ತಯಾರಿಸಿ ನಾನೇ ಓದಿದ ಪಟ್ಟಿಯಲ್ಲಿ, ಕರೆಂಟು ಹೋದರೆ ಪೂಜೆ ನಿಲ್ಲಬಾರದೆಂದು ಇಡೀ ರಾತ್ರಿ ಹೊರಗೆ ಜನರೇಟರಿನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರ ಹೆಸರು ಇರಲಿಲ್ಲ. ಅವರು ನನಗೆ ಏನನ್ನೂ ಹೇಳಲಿಲ್ಲ, ಮರುವರ್ಷ ಮಾತ್ರ ಬರಲಿಲ್ಲ. ಅಂದಿನಿಂದ ನಾನು ಪಟ್ಟಿಯನ್ನು ಕನಿಷ್ಠ ನಾಲ್ವರಿಗೆ ತೋರಿಸದೆ ಅಂತಿಮಗೊಳಿಸುವುದಿಲ್ಲ. ಒಬ್ಬರು ಗಾಯನ ವೃಂದದವರು, ಒಬ್ಬರು ಅಡುಗೆಗೆ ನಿಂತವರು, ಒಬ್ಬರು ಯುವಜನರು, ಇನ್ನೊಬ್ಬರು ಸೆಕ್ರಿಸ್ಟನ್. ಸೆಕ್ರಿಸ್ಟನ್ ಎಂದರೆ ಪೂಜೆಯ ಪಾತ್ರೆ, ಉಡುಪು, ಮೇಣದಬತ್ತಿಗಳನ್ನು ಸಿದ್ಧಪಡಿಸಿ, ಗಂಟೆ ಬಾರಿಸಿ, ಬಾಗಿಲು ತೆರೆದು ಮುಚ್ಚುವ ಹೊಣೆ ಹೊತ್ತವರು. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುವುದರಿಂದ ಯಾರು ಏನು ಮಾಡಿದರೆಂದು ಅವರಿಗೆ ಗೊತ್ತಿರುವಷ್ಟು ಸಮಿತಿಯ ಯಾರಿಗೂ ಗೊತ್ತಿರುವುದಿಲ್ಲ.

ಹಣ ಕೊಟ್ಟವರ ಪಟ್ಟಿಯನ್ನು ಬೇರೆಯಾಗಿಯೇ ಇಡಿ. ದಾನಿಗಳಿಗೆ ರಸೀದಿಯ ಜೊತೆಗೆ ಕೃತಜ್ಞತಾ ಪತ್ರ ಹೋಗಲಿ. ಆದರೆ ದುಡಿದವರ ಹೆಸರುಗಳ ನಡುವೆ ಮೊತ್ತಗಳನ್ನು ಸೇರಿಸಿ ಓದಿದರೆ, ತೋಟದ ಕಾರ್ಮಿಕರ ಲೈನ್ ಮನೆಯಿಂದ ಬಂದು ಮೂರು ದಿನ ಗುಡಿಸಿದ ಅಕ್ಕನ ಸೇವೆ ಎಲ್ಲರೆದುರು ಚಿಕ್ಕದಾಗಿ ಕಾಣುತ್ತದೆ.

ಹಂತ 2: ಸೇವಾಕರ್ತರು ಮತ್ತು ಸಿಬ್ಬಂದಿಯನ್ನು ಬೇರ್ಪಡಿಸುವುದು

ಸಂಬಳವಿಲ್ಲದೆ ದುಡಿದವರು ಸೇವಾಕರ್ತರು. ಸೆಕ್ರಿಸ್ಟನ್, ಉಪದೇಶಿ, ಕಚೇರಿಯ ಗುಮಾಸ್ತರು, ಕಾವಲುಗಾರರು, ಗುರುಗಳ ನಿವಾಸದ ಅಡುಗೆಯವರು ಮುಂತಾದವರು ಸಿಬ್ಬಂದಿ. ಉಪದೇಶಿ ಎಂದರೆ ಮನೆ ಮನೆಗೆ ಹೋಗಿ ಧರ್ಮಬೋಧನೆ ಮತ್ತು ಪ್ರಾರ್ಥನೆ ನಡೆಸುವ ಹೊಣೆಗಾರರು. ಕೆಲವು ಕಡೆ ಒಬ್ಬರೇ ಎರಡೂ ಪಟ್ಟಿಗಳಲ್ಲಿ ಬರುತ್ತಾರೆ. ಸಂಬಳಕ್ಕೆ ಗುಡಿಸುವವರೇ ಸಂಬಳವಿಲ್ಲದೆ ಹಾಡಿಯೂ ಇರುತ್ತಾರೆ. ಅಂಥವರ ಹೆಸರನ್ನು ಎರಡು ಕಡೆಯೂ ಬರೆಯಿರಿ.

‘ಅವರಿಗೆ ಸಂಬಳ ಕೊಡುತ್ತೇವಲ್ಲ, ಮತ್ತೇಕೆ ಧನ್ಯವಾದ?’ ಎಂದು ಸಮಿತಿಯಲ್ಲಿ ಕೇಳುವವರು ಇದ್ದೇ ಇರುತ್ತಾರೆ. ಸಂಬಳವು ಒಪ್ಪಿಕೊಂಡ ಕೆಲಸಕ್ಕೆ ಸಲ್ಲುವ ಹಣ. ಡಿಸೆಂಬರ್ ಕೊನೆಯ ಎರಡು ವಾರಗಳಲ್ಲಿ ಅವರು ಒಪ್ಪಿಕೊಂಡದ್ದಕ್ಕಿಂತ ಎಷ್ಟು ಹೆಚ್ಚು ದುಡಿದಿದ್ದಾರೆ ಎಂಬುದನ್ನು ಗಂಟೆಗಳಲ್ಲಿ ಲೆಕ್ಕ ಹಾಕಿ ಸಭೆಯ ಮುಂದಿಟ್ಟರೆ ಆ ಪ್ರಶ್ನೆ ಮತ್ತೆ ಬರುವುದಿಲ್ಲ. ಧರ್ಮಗುರುಗಳು, ಸಭಾಪಾಲಕರು, ಸಿಸ್ಟರ್‌ಗಳು ಸಿಬ್ಬಂದಿಯ ಲೆಕ್ಕಕ್ಕೆ ಸೇರುವವರಲ್ಲವಾದರೂ ಅವರ ಹೆಸರೂ ಪಟ್ಟಿಯಲ್ಲಿರಲಿ. ಮುಖ್ಯ ಚರ್ಚಿನ ಪೂಜೆ ಮುಗಿಸಿ ಉಪಕೇಂದ್ರಗಳಿಗೆ, ಅಂದರೆ ದೂರದ ತೋಟಗಳ ಪುಟ್ಟ ಪ್ರಾರ್ಥನಾಲಯಗಳಿಗೆ ಓಡಾಡಿದ ಗುರುಗಳು ತಮ್ಮ ತಾಯಿಯ ಜೊತೆ ಹಬ್ಬದೂಟ ಮಾಡಿರುವುದಿಲ್ಲ.

ಹಂತ 3: ದಿನ ಮತ್ತು ಹೊತ್ತು ಗೊತ್ತುಪಡಿಸುವುದು

ಪತ್ರಗಳು ಜನವರಿ 6ರ ಆಸುಪಾಸಿನಲ್ಲಿ ಕೈಸೇರಿದರೆ ಒಳ್ಳೆಯದು. ಅಂದು ಎಪಿಫನಿ, ಅಂದರೆ ಮೂಡಣ ದೇಶದ ಜ್ಞಾನಿಗಳು ಬಾಲಯೇಸುವನ್ನು ಕಂಡ ನೆನಪಿನ ಹಬ್ಬ. ಭಾರತದ ಹೆಚ್ಚಿನ ಕಥೋಲಿಕ ಚರ್ಚುಗಳಲ್ಲಿ ಇದನ್ನು ಜನವರಿ 2ರಿಂದ 8ರ ನಡುವಿನ ಭಾನುವಾರದಂದು ಆಚರಿಸುವುದರಿಂದ, ಅಂದೇ ಚರ್ಚಿನಲ್ಲಿ ಧನ್ಯವಾದ ಹೇಳುವುದು ಸಹಜವಾಗಿ ಹೊಂದುತ್ತದೆ.

ಕೃತಜ್ಞತಾ ಕೂಟಕ್ಕೆ ದಿನ ಹುಡುಕುವುದು ಮಾತ್ರ ಸುಲಭವಲ್ಲ. ರೋಬಸ್ಟಾ ಕೊಯ್ಲಿನ ವೇಳೆಯಲ್ಲಿ ವಾರದ ದಿನ ಇಟ್ಟರೆ ಒಂದು ದಿನದ ಕೂಲಿಯನ್ನು ಕಳೆದುಕೊಂಡು ಬನ್ನಿ ಎಂದಂತಾಗುತ್ತದೆ. ಭಾನುವಾರವೇ ಸಂತೆಯಿರುವ ಊರುಗಳಲ್ಲಿ ಪೂಜೆ ಮುಗಿದ ತಕ್ಷಣ ಎಲ್ಲರೂ ವಾರದ ಸಾಮಾನಿಗೆ ಓಡಬೇಕಾಗುತ್ತದೆ, ಮಧ್ಯಾಹ್ನದ ಬಸ್ಸು ತಪ್ಪಿದರೆ ತೋಟಕ್ಕೆ ಮರಳುವ ದಾರಿಯೇ ಇರುವುದಿಲ್ಲ. ಆದ್ದರಿಂದ ನಾನು ಹಲವರಿಗೆ ಸೂಚಿಸುವ ದಿನ ಜನವರಿ 26. ಅದು ತೋಟದ ಕಾರ್ಮಿಕರಿಗೂ ಶಾಲೆಯ ಮಕ್ಕಳಿಗೂ ಕಚೇರಿಯವರಿಗೂ ಒಂದೇ ಸಲ ಸಿಗುವ ರಜೆ. ಬೆಳಗಿನ ಧ್ವಜಾರೋಹಣವಾದ ಮೇಲೆ ಕೂಟ ಆರಂಭಿಸಿ ಮಧ್ಯಾಹ್ನದ ಊಟದೊಂದಿಗೆ ಮುಗಿಸಬಹುದು.

ಸಂಜೆಯ ಕೂಟವನ್ನು ಇಟ್ಟುಕೊಳ್ಳಬೇಡಿ. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ ಕಡೆಯ ತೋಟಗಳಲ್ಲಿ ಕತ್ತಲಾದ ಮೇಲೆ ಕಾಡಾನೆಗಳ ಓಡಾಟವಿರುವುದು ಅಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಪಟ್ಟಣದಲ್ಲಿ ಮನೆ ಇರುವವರೇ ಸಮಿತಿಯಲ್ಲಿ ಹೆಚ್ಚಾಗಿದ್ದಾಗ ‘ಸಂಜೆ ಆರು ಗಂಟೆಗೆ ಸೇರೋಣ’ ಎಂಬ ತೀರ್ಮಾನ ಸುಲಭವಾಗಿ ಆಗಿಬಿಡುತ್ತದೆ. ಧನ್ಯವಾದ ಸ್ವೀಕರಿಸಲು ಬಂದವರು ಅಂಗೈಯಲ್ಲಿ ಜೀವ ಹಿಡಿದುಕೊಂಡು ಮನೆಗೆ ಮರಳುವಂತಾಗಬಾರದು.

ತಪಸ್ಸು ಕಾಲದ ಆರಂಭವನ್ನೂ ಪಂಚಾಂಗದಲ್ಲಿ ನೋಡಿಕೊಳ್ಳಿ. ಈಸ್ಟರ್‌ಗೆ ಮುಂಚಿನ ಈ ಉಪವಾಸದ ಅವಧಿ ಬೂದಿ ಬುಧವಾರದಂದು ಶುರುವಾಗುತ್ತದೆ, ಆ ದಿನ ಫೆಬ್ರವರಿ 4ರಷ್ಟು ಬೇಗನೆಯೂ ಮಾರ್ಚ್ 10ರಷ್ಟು ತಡವಾಗಿಯೂ ಬರಬಹುದು. ಕೂಟವನ್ನು ಫೆಬ್ರವರಿಗೆ ಮುಂದೂಡುತ್ತ ಹೋದರೆ ಮಾಂಸದೂಟ ಬಡಿಸಲಾಗದ ವಾರದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಹಂತ 4: ಪತ್ರ ಬರೆಯುವುದು

ಉಡುಗೊರೆ, ಊಟ, ಸನ್ಮಾನ ಇವೆಲ್ಲಕ್ಕಿಂತ ಹೆಚ್ಚು ಕಾಲ ಉಳಿಯುವುದು ಪತ್ರ. ಹಣವಿಲ್ಲದ ಚರ್ಚು ಬೇರೆ ಏನನ್ನೂ ಮಾಡದೆ ಪತ್ರಗಳನ್ನಷ್ಟೇ ಬರೆದರೂ ಸಾಕು ಎಂಬುದು ನನ್ನ ಅಭಿಪ್ರಾಯ. ಹೇಗೆ ಬರೆಯಬೇಕು ಎಂದು ಕೇಳುವವರಿಗೆ ಪೌಲನು ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯವನ್ನು ಓದಿ ಎನ್ನುತ್ತೇನೆ. ಇಪ್ಪತ್ತಕ್ಕೂ ಹೆಚ್ಚು ಜನರನ್ನು ಅವನು ಅಲ್ಲಿ ಹೆಸರಿಟ್ಟು ನೆನೆಯುತ್ತಾನೆ. ಕೆಲವರ ವಿಷಯದಲ್ಲಿ ಹೆಸರಿನ ಜೊತೆಗೆ ಕಾರಣವೂ ಇದೆ. ಫೊಯಿಬೆ ಅನೇಕರಿಗೆ ನೆರವಾದವಳು, ಪ್ರಿಸ್ಕ ಮತ್ತು ಅಕ್ವಿಲ ಪ್ರಾಣವನ್ನೇ ಒತ್ತೆಯಿಟ್ಟವರು, ರೂಫನ ತಾಯಿ ತನಗೂ ತಾಯಿಯಂತಿದ್ದವಳು. ಹೆಸರು ಮತ್ತು ಮಾಡಿದ ಕೆಲಸ ಎಂಬ ಈ ಎರಡು ಸಂಗತಿಗಳು ನಿಮ್ಮ ಪತ್ರದಲ್ಲಿಯೂ ಇರಬೇಕು.

ಸಾಮಾನ್ಯವಾಗಿ ಕಾಣುವ ಪತ್ರ ಹೀಗಿರುತ್ತದೆ: ‘ಮಾನ್ಯರೇ, ಕ್ರಿಸ್ಮಸ್ ಹಬ್ಬದ ಯಶಸ್ಸಿಗೆ ತಾವು ನೀಡಿದ ಅಮೂಲ್ಯ ಸಹಕಾರಕ್ಕಾಗಿ ಸಮಿತಿಯು ತಮಗೆ ಹೃತ್ಪೂರ್ವಕ ಧನ್ಯವಾದಗಳನ್ನು ಅರ್ಪಿಸುತ್ತದೆ.’ ಇದರಲ್ಲಿ ತಪ್ಪೇನಿಲ್ಲ. ಆದರೆ ಹೆಸರು ಬದಲಿಸಿ ಯಾರಿಗೆ ಬೇಕಾದರೂ ಕಳುಹಿಸಬಹುದಾದ ಪತ್ರ ಇದು, ಓದಿದವರಿಗೂ ಅದು ಗೊತ್ತಾಗುತ್ತದೆ. ಅದರ ಬದಲು ಹೀಗೆ ಬರೆದು ನೋಡಿ:

‘ಪ್ರೀತಿಯ ಅಕ್ಕನವರೇ, ಈ ವರ್ಷ ಕ್ರಿಸ್ಮಸ್ ದಿನ ಬೆಳಗ್ಗೆ ಐದು ಗಂಟೆಗೆ ನಾನು ಚರ್ಚಿಗೆ ಬಂದಾಗ ನೀವು ಆಗಲೇ ಮೊಣಕಾಲೂರಿ ನೆಲದ ಮೇಣ ಕೆರೆಯುತ್ತಿದ್ದಿರಿ. ಹಿಂದಿನ ರಾತ್ರಿ ಪೂಜೆ ಮುಗಿದು ನೀವು ಮನೆ ಸೇರಿದಾಗ ಎರಡು ಗಂಟೆ ಆಗಿತ್ತೆಂದು ನನಗೆ ಗೊತ್ತು. ಬೆಳಗಿನ ಪೂಜೆಗೆ ಬಂದ ಹಿರಿಯರು ಜಾರಿ ಬೀಳದಂತೆ ನೆಲ ಸ್ವಚ್ಛವಾಗಿದ್ದದ್ದು ನಿಮ್ಮಿಂದ. ದೇವರು ನಿಮಗೂ ಮನೆಯವರಿಗೂ ಒಳ್ಳೆಯದು ಮಾಡಲಿ.’

ನಾಲ್ಕೈದು ಸಾಲು ಸಾಕು. ಕೈಬರಹದಲ್ಲಿ ಬರೆಯಿರಿ. ಅರುವತ್ತು ಪತ್ರಗಳನ್ನು ಒಬ್ಬರೇ ಬರೆಯಲಾಗದು, ಮೂವರು ಹಂಚಿಕೊಂಡರೆ ತಲಾ ಇಪ್ಪತ್ತು, ದಿನಕ್ಕೆ ನಾಲ್ಕರಂತೆ ಐದು ದಿನಗಳ ಕೆಲಸ. ಕೊನೆಯಲ್ಲಿ ಗುರುಗಳು ಅಥವಾ ಸಭಾಪಾಲಕರು ತಮ್ಮ ಕೈಯಿಂದಲೇ ಒಂದು ಮಾತು ಸೇರಿಸಿ ಸಹಿ ಮಾಡಲಿ, ಸಹಿಯ ಮೊಹರನ್ನು ಒತ್ತಿಸಬೇಡಿ.

ಭಾಷೆಯ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲಿ ಹೆಚ್ಚಿನ ಕಾಳಜಿ ಬೇಕು. ಕನ್ನಡ, ಮಲಯಾಳ, ತಮಿಳು, ಕೊಂಕಣಿ ಮನೆಮಾತಿನವರು ಒಂದೇ ಬೆಂಚಿನಲ್ಲಿ ಕುಳಿತು ಪ್ರಾರ್ಥಿಸುವ ಚರ್ಚುಗಳು ನಮ್ಮವು. ಕನ್ನಡ ಮಾತನಾಡಬಲ್ಲವರೆಲ್ಲರೂ ಕನ್ನಡ ಓದಬಲ್ಲವರಾಗಿರುವುದಿಲ್ಲ. ತೋಟದ ಕೆಲಸಕ್ಕೆಂದು ಬಂದು ನೆಲೆಸಿದ ಹಿರಿಯರಿಗೆ ಅವರ ಲಿಪಿಯಲ್ಲಿಯೇ ಬರೆಸಿ. ಓದುಬರಹ ತಿಳಿಯದವರ ಮನೆಗೆ ಹೋಗಿ ಪತ್ರವನ್ನು ಓದಿ ಹೇಳಿ ಕೈಗೆ ಕೊಡಿ. ಕೊಂಕಣಿಯವರಿಗೆ ಬರೆಯುವ ಪತ್ರದ ಕೊನೆಯಲ್ಲಿ ‘ದೇವ್ ಬರೆಂ ಕರುಂ’ ಎಂದೂ, ಮಲಯಾಳದವರಿಗೆ ‘ನನ್ನಿ’ ಎಂದೂ, ತಮಿಳಿನವರಿಗೆ ‘ನನ್ರಿ’ ಎಂದೂ ಅವರದೇ ಮಾತನ್ನು ಸೇರಿಸಿದರೆ ಅದನ್ನು ಓದುವಾಗ ಅವರ ಮುಖದಲ್ಲಿ ಮೂಡುವ ಸಂತೋಷವನ್ನು ನೀವೇ ಕಾಣುವಿರಿ.

ವಾಟ್ಸಾಪ್ ಗುಂಪಿನಲ್ಲಿ ಒಂದು ಚಿತ್ರ ಹಾಕಿ ಕೆಲಸ ಮುಗಿಯಿತೆಂದು ತಿಳಿಯಬೇಡಿ. ನೆಟ್‌ವರ್ಕ್ ಸಿಗದ ತೋಟಗಳು ಇನ್ನೂ ಇವೆ, ಹಳೆಯ ಬಟನ್ ಫೋನು ಇಟ್ಟುಕೊಂಡವರೂ ಇದ್ದಾರೆ. ಹೆಚ್ಚು ದುಡಿದವರು ಹಲವು ಬಾರಿ ಅವರೇ ಆಗಿರುತ್ತಾರೆ.

ಹಬ್ಬದ ಮುಂಚಿನ ತಿಂಗಳುಗಳಲ್ಲಿ ಮನೆಯಲ್ಲಿ ಸಾವು ಕಂಡಿದ್ದರೂ ಸೇವೆಗೆ ಬಂದವರು ಇದ್ದರೆ ಅವರ ಪತ್ರವನ್ನು ಕೊನೆಗೆ, ಮನಸ್ಸು ಶಾಂತವಾಗಿರುವಾಗ ಬರೆಯಿರಿ. ಅವರ ದುಃಖವನ್ನು ಒಂದೇ ಸಾಲಿನಲ್ಲಿ ನೆನೆಯಿರಿ, ಉಪದೇಶ ಬೇಡ.

ಹಂತ 5: ಚರ್ಚಿನಲ್ಲಿ ಹೇಳುವ ಮಾತು

ಇದು ಐದು ನಿಮಿಷ ಮೀರಬಾರದು. ಕಥೋಲಿಕ ಚರ್ಚುಗಳಲ್ಲಿ ಪರಮಪ್ರಸಾದದ ನಂತರ, ಕೊನೆಯ ಆಶೀರ್ವಾದಕ್ಕೆ ಮುಂಚೆ ಪ್ರಕಟಣೆಗಳಿಗೆ ಇರುವ ಹೊತ್ತನ್ನೂ, ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಚರ್ಚು) ಸಭೆಗಳಲ್ಲಿ ಪ್ರಕಟಣೆಯ ಹೊತ್ತನ್ನೂ ಬಳಸಿಕೊಳ್ಳಿ. ಚಿಕ್ಕ ಸಭೆಯಾದರೆ ಎಲ್ಲರ ಹೆಸರನ್ನು ಓದಬಹುದು. 1792ರಷ್ಟು ಹಿಂದೆ ಆರಂಭವಾದ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನಂತಹ ದೊಡ್ಡ ಧರ್ಮಕೇಂದ್ರಗಳಲ್ಲಿ ಅದು ಸಾಧ್ಯವಿಲ್ಲ, ಅಲ್ಲಿ ಕೆಲಸಗಳನ್ನು ಹೆಸರಿಸಿ ಆಯಾ ಕೆಲಸ ಮಾಡಿದವರನ್ನು ಎದ್ದು ನಿಲ್ಲುವಂತೆ ಕೇಳಿಕೊಳ್ಳಿ, ಪೂರ್ಣ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕಿ. ಅರ್ಧ ಹೆಸರುಗಳನ್ನು ಓದಿ ‘ಇನ್ನೂ ಹಲವರು’ ಎಂದು ನಿಲ್ಲಿಸುವುದಕ್ಕಿಂತ ಯಾರ ಹೆಸರನ್ನೂ ಓದದಿರುವುದು ಮೇಲು.

ಇದೇ ಮಾತಿನ ಕೊನೆಯಲ್ಲಿ ‘ಮುಂದಿನ ಹಬ್ಬಕ್ಕೂ ಹೀಗೆಯೇ ಸಹಕರಿಸಿ’ ಎಂದು ಸೇರಿಸಬೇಡಿ. ಹೊಸ ಕೆಲಸಕ್ಕೆ ಕರೆಯುವ ದಿನ ಬೇರೆ. ಇಂದು ಹೇಳಿದ ಧನ್ಯವಾದ ನಾಳೆಯ ಕೆಲಸಕ್ಕೆ ಕೊಟ್ಟ ಮುಂಗಡದಂತೆ ಕೇಳಿಸಬಾರದು.

ಹಂತ 6: ಕೃತಜ್ಞತಾ ಕೂಟ

ಕೂಟದ ಮೊದಲ ನಿಯಮ, ಹಬ್ಬಕ್ಕೆ ಅಡುಗೆ ಮಾಡಿದವರು ಅಂದು ಅಡುಗೆ ಮಾಡಬಾರದು. ಮಾತೆಯರ ಸಂಘದವರಿಗೆ ಧನ್ಯವಾದ ಹೇಳುವ ಊಟವನ್ನು ಅವರಿಂದಲೇ ಮಾಡಿಸಿ, ಪಾತ್ರೆಗಳನ್ನೂ ಅವರಿಂದಲೇ ತೊಳೆಸಿದ ಕೂಟಗಳನ್ನು ನಾನು ಕಂಡಿದ್ದೇನೆ, ಅದು ನೋವಿನ ಸಂಗತಿ. ಸಮಿತಿಯ ಸದಸ್ಯರೇ ಬಡಿಸಲಿ. ಗುರುಗಳೂ ಒಂದು ಸೌಟು ಹಿಡಿದು ನಿಂತರೆ ಬಹಳ ಒಳ್ಳೆಯದು. ಹೊರಗಿನಿಂದ ಅಡುಗೆಯವರನ್ನು ಕರೆಸಲು ಹಣವಿಲ್ಲದಿದ್ದರೆ ಊಟವನ್ನೇ ಕೈಬಿಟ್ಟು ಕಾಫಿ ತಿಂಡಿಗೆ ಸೀಮಿತಗೊಳಿಸಿ. ನೂರು ಜನರಿಗೆ ತಲಾ 120 ಮಿಲಿಲೀಟರಿನಂತೆ 12 ಲೀಟರ್ ಕಾಫಿ ಬೇಕು, 8 ಲೀಟರ್ ಹಾಲು, ಉಳಿದದ್ದು ಡಿಕಾಕ್ಷನ್ ಎಂದು ಇಟ್ಟುಕೊಂಡರೆ ಲೆಕ್ಕ ಸರಿಹೋಗುತ್ತದೆ. ಊಟವೇ ಆದರೆ ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟಿನ ಜೊತೆಗೆ ಹಂದಿಮಾಂಸದ ಪಂದಿಕರಿಯೊಂದೇ ಇದ್ದರೆ ಸಾಲದು, ಹಂದಿ ತಿನ್ನದವರಿಗೆ ಕೋಳಿ ಸಾರು, ಸಸ್ಯಾಹಾರಿಗಳಿಗೆ ಪಲ್ಯ ಮತ್ತು ಸಾರು ಬೇರೆ ಪಾತ್ರೆಗಳಲ್ಲಿರಲಿ. ಮೈಕ್ ಸೆಟ್ಟಿನವರು, ಜೀಪಿನ ಚಾಲಕರು ಮುಂತಾಗಿ ಬೇರೆ ಧರ್ಮದವರೂ ಅಂದಿನ ಅತಿಥಿಗಳು ಎಂಬುದು ಅಡುಗೆ ನಿರ್ಧರಿಸುವಾಗಲೇ ನೆನಪಿರಲಿ.

ಎರಡನೆಯ ನಿಯಮ ವೇದಿಕೆಗೆ ಸಂಬಂಧಿಸಿದ್ದು. ನಮ್ಮಲ್ಲಿ ಸನ್ಮಾನವೆಂದರೆ ಮುಖ್ಯ ಅತಿಥಿ, ಸ್ವಾಗತ ಭಾಷಣ, ಶಾಲು, ಹಾರ, ಪೇಟ ಎಂಬ ಕ್ರಮ ರೂಢಿಯಾಗಿಬಿಟ್ಟಿದೆ. ಇದರಲ್ಲಿ ಹೆಚ್ಚಿನ ಸಮಯ ವೇದಿಕೆಯ ಮೇಲಿದ್ದವರು ಒಬ್ಬರಿಗೊಬ್ಬರು ಶಾಲು ಹೊದಿಸುವುದರಲ್ಲಿ ಕಳೆದು, ದುಡಿದವರು ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುವಂತಾಗುತ್ತದೆ. ವೇದಿಕೆಯೇ ಬೇಡ. ಎಲ್ಲರೂ ಸುತ್ತಲೂ ಕುಳಿತುಕೊಂಡು, ಗುರುಗಳು ಸಾಲಿನ ಬಳಿಗೆ ತಾವೇ ಹೋಗಿ, ಇನ್ನೂ ತಲುಪದ ಪತ್ರಗಳನ್ನು ಕೈಗಿಡಲಿ. ಪ್ರತಿ ಗುಂಪಿನ ಬಗ್ಗೆ ಅದರ ಕೆಲಸವನ್ನು ಕಣ್ಣಾರೆ ಕಂಡ ಬೇರೆ ಗುಂಪಿನವರೊಬ್ಬರು ಎರಡು ಮಾತು ಹೇಳಲಿ. ಗಾಯನ ವೃಂದದ ಬಗ್ಗೆ ಅಡುಗೆಯವರು, ಅಡುಗೆಯವರ ಬಗ್ಗೆ ಗಾಯನ ವೃಂದದವರು ಮಾತನಾಡಿದ ಒಂದು ಕೂಟದಲ್ಲಿ ನಾನು ಕೇಳಿದಷ್ಟು ಒಳ್ಳೆಯ ಮಾತುಗಳನ್ನು ಯಾವ ಮುಖ್ಯ ಅತಿಥಿಯಿಂದಲೂ ಕೇಳಿಲ್ಲ.

ಮಕ್ಕಳ ಫೋಟೊ ತೆಗೆದು ಹಂಚುವ ಮುಂಚೆ ತಂದೆತಾಯಿಯರ ಒಪ್ಪಿಗೆ ಕೇಳಿ. ದೂರದ ತೋಟಗಳಿಂದ ಬರುವವರಿಗೆ ವಾಹನದ ಏರ್ಪಾಡು ಸಾಧ್ಯವಿದ್ದರೆ, ಉಡುಗೊರೆಯ ಹಣವನ್ನು ಕಡಿಮೆ ಮಾಡಿಯಾದರೂ ಅದನ್ನು ಮಾಡಿ.

ಹಂತ 7: ಸಿಬ್ಬಂದಿಗೆ ಹಣ, ಉಡುಗೊರೆ, ವಿಶ್ರಾಂತಿ

ಸಿಬ್ಬಂದಿಗೆ ಹಬ್ಬದ ಹಣ ಕೊಡುವುದಾದರೆ ಸಮಿತಿಯ ನಡಾವಳಿಯಲ್ಲಿ ನಿರ್ಣಯ ಬರೆದು, ಓಚರ್ ಮೂಲಕವೇ ಕೊಡಿ. ಓಚರ್ ಎಂದರೆ ಯಾವ ಖಾತೆಯಿಂದ, ಯಾರಿಗೆ, ಯಾಕೆ ಎಷ್ಟು ಹಣ ಹೋಯಿತು ಎಂದು ತಿಳಿಸುವ, ಪಡೆದವರ ಸಹಿಯಿರುವ ಚೀಟಿ. ಮೊತ್ತ 5,000 ರೂಪಾಯಿ ಮೀರಿದರೆ ಸಹಿಯನ್ನು ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪಿನ ಮೇಲೆ ಪಡೆಯಬೇಕು. ಕಾಣಿಕೆ ಪೆಟ್ಟಿಗೆಯಿಂದ ಕೈಗೆ ಬಂದಷ್ಟು ತೆಗೆದು ಕೊಡುವ ಅಭ್ಯಾಸ ಎಷ್ಟೇ ಒಳ್ಳೆಯ ಮನಸ್ಸಿನದಾಗಿದ್ದರೂ, ಮುಂದೆ ಲೆಕ್ಕ ಕೇಳುವ ದಿನ ಪಡೆದವರ ಮೇಲೆಯೇ ಅನುಮಾನ ಬರುವಂತೆ ಮಾಡುತ್ತದೆ. ಒಂದೇ ದರ್ಜೆಯ ಕೆಲಸಕ್ಕೆ ಒಂದೇ ಮೊತ್ತ ಇರಲಿ. ಬಾಕಿ ಸಂಬಳವಿದ್ದರೆ ಮೊದಲು ಅದನ್ನು ತೀರಿಸಿ, ಬಾಕಿ ಸಂಬಳವನ್ನು ಉಡುಗೊರೆಯ ಲಕೋಟೆಯಲ್ಲಿಟ್ಟು ಕೊಡುವುದು ಅನ್ಯಾಯ.

ವಸ್ತುಗಳಲ್ಲಿ ನಾನು ಮೆಚ್ಚುವುದು ದಿನವೂ ಬಳಕೆಗೆ ಬರುವಂಥವು. ಜನವರಿಯ ಚಳಿಗೆ ಒಳ್ಳೆಯ ಕಂಬಳಿ ಅಥವಾ ಸ್ವೆಟರ್, ಮುಂದಿನ ಮಳೆಗಾಲಕ್ಕೆ ಗಟ್ಟಿಯಾದ ಕೊಡೆ, ಇವು ಕೊಡಗಿನಲ್ಲಿ ಯಾರ ಮನೆಯಲ್ಲಿಯೂ ಮೂಲೆ ಸೇರುವುದಿಲ್ಲ. ಚರ್ಚಿನ ಹೆಸರನ್ನು ಕೊರೆಸಿದ ಸ್ಟೀಲ್ ತಟ್ಟೆಗಳು ಪ್ರತಿ ವರ್ಷ ಸೇರುತ್ತ ಹೋಗಿ ಅಟ್ಟದ ಮೇಲೆ ಉಳಿಯುತ್ತವೆ.

ಆದರೆ ಸಿಬ್ಬಂದಿಗೆ ಕೊಡಬಹುದಾದ ಅತ್ಯುತ್ತಮ ಉಡುಗೊರೆ ವಿಶ್ರಾಂತಿ. ಎಲ್ಲರಿಗೂ ರಜೆಯಿರುವ ಭಾನುವಾರವೇ ಸೆಕ್ರಿಸ್ಟನ್‌ಗೆ ಕೆಲಸದ ದಿನ, ವರ್ಷಕ್ಕೊಮ್ಮೆಯೂ ಹೆಂಡತಿ ಮಕ್ಕಳ ಪಕ್ಕದಲ್ಲಿ ಕುಳಿತು ಅವರು ಪೂಜೆಯಲ್ಲಿ ಭಾಗಿಯಾಗಿರುವುದಿಲ್ಲ. ಜನವರಿಯಲ್ಲಿ ಒಂದು ಭಾನುವಾರ ಸೇರಿದಂತೆ ಮೂರು ನಾಲ್ಕು ದಿನಗಳ ಸಂಬಳ ಸಹಿತ ರಜೆಯನ್ನು ಬರವಣಿಗೆಯಲ್ಲಿ ಕೊಟ್ಟು, ಆ ದಿನಗಳ ಕೆಲಸವನ್ನು ಯುವಜನರು ಹಂಚಿಕೊಳ್ಳಲಿ. ಯಾರು ಗಂಟೆ ಬಾರಿಸುವುದು, ಕೀಲಿಕೈ ಯಾರ ಬಳಿ ಇರುವುದು, ಮೇಣದಬತ್ತಿ ಹಚ್ಚುವವರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿ, ರಜೆಯಲ್ಲಿರುವವರಿಗೆ ಫೋನು ಮಾಡಿ ‘ಧೂಪದ ಪಾತ್ರೆ ಎಲ್ಲಿದೆ?’ ಎಂದು ಕೇಳುವಂತಾಗಬಾರದು. ಗುರುಗಳಿಗೂ ಸಿಸ್ಟರ್‌ಗಳಿಗೂ ಊರಿಗೆ ಹೋಗಿಬರಲು ಕೆಲವು ದಿನ ಬಿಡುವಾಗುವಂತೆ, ಆ ವಾರ ಸಭೆಗಳನ್ನೂ ಮನೆ ಆಶೀರ್ವಾದಗಳನ್ನೂ ಇಟ್ಟುಕೊಳ್ಳದಿರುವುದು ಸಮಿತಿಯ ಕೈಯಲ್ಲಿದೆ.

ಹಂತ 8: ಚರ್ಚಿನ ಹೊರಗಿನವರು

ಕ್ಯಾರಲ್ಸ್ ತಂಡಕ್ಕೆ ಅಂಗಳದಲ್ಲಿ ಬೆಂಕಿ ಹಾಕಿ ಕಾಫಿ ಕೊಟ್ಟ, ಕೊಡವ ಕುಲದ ಮೂಲಮನೆಯಾದ ಐನ್‌ಮನೆಯವರು, ವಾಹನ ನಿಲ್ಲಿಸಲು ಕಾಫಿ ಒಣಗಿಸುವ ಕಣವನ್ನೇ ಬಿಟ್ಟುಕೊಟ್ಟ ನೆರೆಯ ತೋಟದವರು, ರಾತ್ರಿ ಪಾಳಿಯ ಪೊಲೀಸರು, ಕರೆಂಟು ಹೋದಾಗ ಚಳಿಯಲ್ಲಿ ಕಂಬ ಹತ್ತಿದ, ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್‌ಮನ್, ಶಾಮಿಯಾನದ ಹುಡುಗರು ಇವರಿಗೆಲ್ಲ ಪತ್ರವನ್ನು ಅಂಚೆಯಲ್ಲಿ ಹಾಕದೆ ಇಬ್ಬರು ಹೋಗಿ ಕೊಟ್ಟು ಬನ್ನಿ. ಸರ್ಕಾರಿ ನೌಕರರಿಗೆ ಉಡುಗೊರೆಯಾಗಲಿ ಹಣವಾಗಲಿ ಬೇಡ. ಅವರ ಮೇಲಧಿಕಾರಿಗೆ, ಅವರ ಕೆಲಸವನ್ನು ವಿವರಿಸಿ ಬರೆದ ಒಂದು ಮೆಚ್ಚುಗೆಯ ಪತ್ರ ಅವರಿಗೆ ಹೆಚ್ಚು ಉಪಯೋಗವಾಗುತ್ತದೆ.

ಹಂತ 9: ಬಿಟ್ಟುಹೋದ ಹೆಸರನ್ನು ಸರಿಪಡಿಸುವುದು

ಎಷ್ಟೇ ಎಚ್ಚರ ವಹಿಸಿದರೂ ಒಂದೆರಡು ಹೆಸರು ತಪ್ಪಿಯೇ ತಪ್ಪುತ್ತವೆ. ತಿಳಿದ ದಿನವೇ, ಫೋನಿನಲ್ಲಲ್ಲ, ಮನೆಗೆ ಹೋಗಿ ‘ನಮ್ಮಿಂದ ತಪ್ಪಾಗಿದೆ’ ಎಂದು ನೇರವಾಗಿ ಹೇಳಿ. ಅಚ್ಚಿನ ತಪ್ಪು, ಬರೆದವರ ತಪ್ಪು ಎಂಬ ಕಾರಣಗಳನ್ನು ಕೊಡಬೇಡಿ. ಹೆಸರು ಬಿಟ್ಟದ್ದು ಎಲ್ಲರೆದುರು ಆಗಿದ್ದರೆ ಮುಂದಿನ ಭಾನುವಾರ ಎಲ್ಲರೆದುರೇ ಅವರ ಹೆಸರನ್ನೂ ಕೆಲಸವನ್ನೂ ಹೇಳಿ. ಸೂಚನಾ ಫಲಕದಲ್ಲಿ ಪಟ್ಟಿ ಹಾಕುವಾಗ ಕೆಳಗೆ ಕೆಲವು ಖಾಲಿ ಸಾಲುಗಳನ್ನು ಬಿಟ್ಟು, ಪಕ್ಕದಲ್ಲಿ ಪೆನ್ನನ್ನು ದಾರದಿಂದ ಕಟ್ಟಿಟ್ಟು, ‘ನಾವು ಮರೆತವರ ಹೆಸರನ್ನು ದಯವಿಟ್ಟು ಬರೆಯಿರಿ’ ಎಂದು ಕೇಳಿಕೊಳ್ಳುವುದು ಒಳ್ಳೆಯ ಉಪಾಯ. ತಮ್ಮ ಹೆಸರನ್ನು ಯಾರೂ ಬರೆದುಕೊಳ್ಳುವುದಿಲ್ಲ, ಆದರೆ ಪಕ್ಕದ ಮನೆಯವರ ಹೆಸರನ್ನು ಸಂತೋಷದಿಂದ ಬರೆಯುತ್ತಾರೆ.

ಎಲ್ಲ ಮುಗಿದ ಮೇಲೆ ಪಟ್ಟಿಯ ನೋಟ್‌ಬುಕ್ಕನ್ನು ಚರ್ಚಿನ ಕಚೇರಿಯಲ್ಲಿ, ಲೆಕ್ಕದ ಪುಸ್ತಕಗಳ ಜೊತೆಗೇ ಇಡಿ. ಸಮಿತಿ ಬದಲಾದಾಗ ಕೀಲಿಕೈ, ಪಾಸ್‌ಬುಕ್‌ಗಳ ಜೊತೆಗೆ ಅದನ್ನೂ ಹೊಸಬರಿಗೆ ಒಪ್ಪಿಸಬೇಕು. ಫಲಕದ ಖಾಲಿ ಸಾಲುಗಳಲ್ಲಿ ಸೇರಿದ ಹೆಸರುಗಳನ್ನು ಅದಕ್ಕೆ ನಕಲು ಮಾಡಿಕೊಂಡ ನಂತರವೇ ಫಲಕದ ಹಾಳೆಯನ್ನು ತೆಗೆಯಿರಿ.